ಎಂಬತ್ತು ಕುರ್ಚಿ, ಹತ್ತೊಂಬತ್ತು ಜನ

ಮುಂಬಯಿಯಲ್ಲಿ ನಾವು ಕನ್ನಡಿಗರು ಲಕ್ಷಗಟ್ಟಲೆ ಇದ್ದೇವೆ ಎಂಬ ಮಾತನ್ನು ಸಂಘದ ವೇದಿಕೆಗಳಲ್ಲಿ ನಲವತ್ತು ವರ್ಷದಿಂದ ಕೇಳುತ್ತ ಬಂದಿದ್ದೇನೆ. ಚುನಾವಣೆಯ ಹೊತ್ತಿಗೆ ಆ ಲಕ್ಷವನ್ನು ಎಣಿಸಿ ತೋರಿಸಿದವರನ್ನು ಮಾತ್ರ ಕಂಡಿಲ್ಲ.

ಹಿಂದೆಲ್ಲ ನಮ್ಮ ಉಪನಗರದ ಸಂಘದಲ್ಲಿ ಬೆಂಬಲ ಅಂದರೆ ಸರಳ ವ್ಯವಹಾರ. ಅಭ್ಯರ್ಥಿ ಅಧ್ಯಕ್ಷರ ಹೋಟೆಲಿಗೆ ಬರುವರು, ನೀರುದೋಸೆ ತಿನ್ನುವರು, ಶಾಲು ಹೊದೆಸಿಕೊಳ್ಳುವರು. ಮರುದಿನ 'ಕನ್ನಡಿಗರ ಸಂಪೂರ್ಣ ಬೆಂಬಲ' ಎಂದು ಫೋಟೊ. ಕನ್ನಡಿಗರನ್ನು ಯಾರೂ ಕೇಳುತ್ತಿರಲಿಲ್ಲ. ಈ ಸಲ ಕಮಿಟಿಯ ಹುಡುಗರು ಹಟ ಹಿಡಿದರು: ವಾರ್ಡಿನ ಅಭ್ಯರ್ಥಿಗಳನ್ನೆಲ್ಲ ಕರೆಯೋಣ, ಪ್ರಶ್ನೆ ಕೇಳೋಣ, ಆಮೇಲೆ ಸದಸ್ಯರೇ ಕೈಯೆತ್ತಿ ತೀರ್ಮಾನಿಸಲಿ.

ಕೇಳಲು ಬೇಕಾದಷ್ಟಿತ್ತು. ಪಾಲಿಕೆಯ ಅವಧಿ 2022ರ ಮಾರ್ಚಿನಲ್ಲೇ ಮುಗಿದು, ಅಂದಿನಿಂದ ಆಡಳಿತಾಧಿಕಾರಿಯದೇ ಕಾರುಬಾರು. ಮತದಾನ ನಡೆದದ್ದು 2026ರ ಜನವರಿ 15ಕ್ಕೆ. (ಬೆಂಗಳೂರಿನ ನನ್ನ ತಂಗಿ ಫೋನಿನಲ್ಲಿ ನಕ್ಕಳು: "ನಿಮಗೆ ಚುನಾವಣೆಯಾದರೂ ಬಂತಲ್ಲ ಅಣ್ಣ." ಅವರಿಗೆ ಆಗ 2020ರ ಸೆಪ್ಟೆಂಬರಿನಿಂದ ಕಾರ್ಪೊರೇಟರೇ ಇರಲಿಲ್ಲ.) ನಮ್ಮ ಮುಖ್ಯ ಪ್ರಶ್ನೆ ಶಾಲೆಯದು. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ನಮ್ಮ ಕಡೆಯ ಶಾಲೆಯಲ್ಲಿ ಮಕ್ಕಳೂ ಕಡಿಮೆ, ಟೀಚರುಗಳೂ ಕಡಿಮೆ. ಯಾವುದು ಮೊದಲು ಕಡಿಮೆಯಾಯಿತು ಎಂಬ ಜಗಳ ಬೇರೆ.

ಜನವರಿಯ ಮೊದಲ ಭಾನುವಾರ ಎಂಬತ್ತು ಕುರ್ಚಿ ಹಾಕಿಸಿದೆವು. ಬಂದವರು ಹತ್ತೊಂಬತ್ತು, ಅದರಲ್ಲಿ ಏಳು ಜನ ಕಮಿಟಿಯವರೇ. ಐವರು ಅಭ್ಯರ್ಥಿಗಳಲ್ಲಿ ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ಭಾವನನ್ನು ಕಳಿಸಿದರು. ಇನ್ನೊಬ್ಬರು ಬಾಗಿಲಲ್ಲೇ ನಿಂತು ಒಳಗೆ ಇಣುಕಿ, "ಕಿತಿ ಲೋಕ್ ಆಹೇತ್?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಕೈಮುಗಿದು ಹೋದರು.

ನಮ್ಮವರಿಗೆ ಅವಮಾನವಾಯಿತು. ನನಗೆ ಆ ಮನುಷ್ಯನ ಮೇಲೆ ಸಿಟ್ಟೇ ಬರಲಿಲ್ಲ. ಎದುರಿನ ಗಣಪತಿ ಮಂಡಳದಲ್ಲಿ ಅವರಿಗಾಗಿ ಇನ್ನೂರು ಹುಡುಗರು ಕಾದಿದ್ದರು. ಅವರು ನಮ್ಮ ಅಭಿಪ್ರಾಯ ಕೇಳಲು ಬಂದದ್ದಲ್ಲ, ತಲೆ ಎಣಿಸಲು ಬಂದದ್ದು. ಎಣಿಸಿ ಮುಗಿಯಿತು. ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ 1961ರಲ್ಲಿ ಇದೇ ಪಾಲಿಕೆಗೆ ಆರಿಸಿ ಬಂದು, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದ್ದನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರ ಹಿಂದಿದ್ದದ್ದು ಸಂಘಗಳ ಬೆಂಬಲಪತ್ರವಲ್ಲ. ಕರೆದರೆ ಬೀದಿಗೆ ಬರುವ ಹೋಟೆಲ್ ಮಾಣಿಗಳು, ಟ್ಯಾಕ್ಸಿ ಚಾಲಕರು.

ಹಾಗಾದರೆ ನಮ್ಮವರು ಎಲ್ಲಿದ್ದರು? ಆ ಸಲ ಸಂಕ್ರಾಂತಿ, ಗುರುವಾರ ಮತದಾನದ ರಜೆ, 18ಕ್ಕೆ ಉಡುಪಿಯಲ್ಲಿ ಪರ್ಯಾಯ. ಮತ್ಸ್ಯಗಂಧದಲ್ಲಿ ಟಿಕೆಟ್ ಮಾಡಿಸಿದವರು ಸಭೆಗೇನು, ಮತಗಟ್ಟೆಗೂ ಸಿಗಲಿಲ್ಲ. "ಒಂದು ಓಟಿನಿಂದ ಏನಾಗುತ್ತದೆ ಮಾರಾಯ್ರೇ" ಎಂದವರಿಗೆ ನಾನು ಗಿರಗಾಂವಿನ 220ನೇ ವಾರ್ಡಿನ ಕತೆ ಹೇಳಿದೆ. 2017ರಲ್ಲಿ ಅಲ್ಲಿ ಇಬ್ಬರಿಗೂ ತಲಾ 5,946 ಮತ ಬಿದ್ದು, ಕೊನೆಗೆ ಚೀಟಿ ಎತ್ತಿ ಕಾರ್ಪೊರೇಟರನ್ನು ಆರಿಸಬೇಕಾಯಿತು. ಕೇಳಿ ತಲೆದೂಗಿದರು, ಊರಿಗೂ ಹೋದರು.

ಐದನೆಯವರು, ಸಣ್ಣ ಪಕ್ಷದ ಒಬ್ಬ ಹೆಂಗಸು, ಮುಕ್ಕಾಲು ಗಂಟೆ ಕೂತರು. "ಇಲ್ಲಿ ಕನ್ನಡ ಶಾಲೆಯಿದೆ ಅಂತ ಇವತ್ತೇ ತಿಳಿದದ್ದು, ನಾಳೆ ಬಂದು ನೋಡುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದರು. ಬಂದೂ ನೋಡಿದರು. ಹನ್ನೊಂದು ಕೈ ಅವರ ಪರ ಎದ್ದವು. ಅಧ್ಯಕ್ಷರಿಗೆ ಹಿಡಿಸಲಿಲ್ಲ. "ಗೆಲ್ಲದವರಿಗೆ ಬೆಂಬಲ ಕೊಟ್ಟು ಗೆದ್ದವರ ಹತ್ತಿರ ಹೇಗೆ ಹೋಗುವುದು?" ಎಂದರು. ಪತ್ರ ಅವರ ಮೇಜಿನ ಖಾನೆಯಲ್ಲೇ ಉಳಿಯಿತು, ಆಕೆ ಸೋತರು.

ಊರಿಡೀ ಮತದಾನ ನೂರಕ್ಕೆ 53ರ ಆಸುಪಾಸು. 2017ರಲ್ಲಿ 55 ದಾಟಿತ್ತು. ಈಗ ಶಾಲೆಯ ಅರ್ಜಿ ಹಿಡಿದು ಹೊಸ ಕಾರ್ಪೊರೇಟರ ಕಚೇರಿಗೆ ಹೋಗಬೇಕು. ಕಮ್ಮಿಯೆಂದರೂ ಐವತ್ತು ಜನ ಬೇಕು ಎನ್ನುತ್ತಾರೆ ಅಧ್ಯಕ್ಷರು. ಇದುವರೆಗೆ ಹೆಸರು ಕೊಟ್ಟವರು ಇಪ್ಪತ್ತಮೂರು.