ಹುಣ್ಣಿಮೆಯ ದೂರದ ನೆಂಟ

ಇಂಗ್ಲೆಂಡಿನ ಲಾಂಛನ ವಿದ್ಯೆಯಲ್ಲಿ ಚಂದ್ರನ ಒಂದೊಂದು ರೂಪಕ್ಕೂ ಒಂದೊಂದು ಹೆಸರಿದೆ. ಕೋಡು ಮೇಲೆ ಮಾಡಿದ ಬಿದಿಗೆಯ ಚಂದ್ರನಾದರೆ ಕ್ರೆಸೆಂಟ್. ಮುಖ ಬರೆದ ತುಂಬು ಚಂದ್ರನಾದರೆ 'ಪ್ಲೆನಿಟ್ಯೂಡ್‌ನಲ್ಲಿರುವ ಚಂದ್ರ'. ಫುಲ್ ಮೂನ್ ಎಂಬ ಸರಳ ಮಾತು ಕೈಗೆಟಕುವಂತಿದ್ದರೂ ಗುರಾಣಿಯ ಚಿತ್ರಗಳನ್ನು ವರ್ಣಿಸುವವರು ಈ ಹಳೆಯ ಪದವನ್ನು ಬಿಟ್ಟುಕೊಟ್ಟಿಲ್ಲ.

ಲ್ಯಾಟಿನ್ನಿನಲ್ಲಿ 'ಪ್ಲೇನುಸ್' ಎಂದರೆ ತುಂಬಿದ್ದು. ಅದರಿಂದ ಹುಟ್ಟಿದ ಪ್ಲೆನಿಟ್ಯೂಡ್, ಫ್ರೆಂಚರ ಮನೆ ಹಾದು 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಪ್ಲೆಂಟಿ, ಕಂಪ್ಲೀಟ್, ರಿಪ್ಲೀಟ್ ಎಲ್ಲ ಇದರ ಒಡಹುಟ್ಟುಗಳು. 2023ರ ಫೆಬ್ರುವರಿಯಲ್ಲಿ ರಾಯಪುರದಲ್ಲಿ ಕಾಂಗ್ರೆಸ್ ನಡೆಸಿದ 'ಪ್ಲೀನರಿ' ಅಧಿವೇಶನದ ಹೆಸರೂ ಇದೇ ಮನೆತನದ್ದು.

ಈ ಮನೆತನ ನಮಗೂ ದೂರದ್ದಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದ. 'ಪ್ಲೇನುಸ್' ಮತ್ತು 'ಪೂರ್ಣ' ಆ ಮಾತಿಗೆ ಒಳ್ಳೆಯ ಸಾಕ್ಷಿ. ಎರಡಕ್ಕೂ ಒಂದೇ ಬೇರು. ಸಂಸ್ಕೃತದ ಪೂರ್ಣಿಮಾ ಪ್ರಾಕೃತದಲ್ಲಿ ಪುಣ್ಣಿಮಾ ಆಯಿತು, ಹಳಗನ್ನಡದಲ್ಲಿ ಪುಣ್ಣಿಮೆ ಆಯಿತು. ಪಾಲು ಹಾಲಾದಂತೆ, ಪೂ ಹೂವಾದಂತೆ, ಪುಣ್ಣಿಮೆ ಹುಣ್ಣಿಮೆಯಾಯಿತು. ಅಲ್ಲಿ ಗುರಾಣಿಯ ಮೇಲಿನ ಚಂದ್ರನನ್ನೂ ಇಲ್ಲಿ ಅಂಗಳದಲ್ಲಿ ಕಾಣುವ ಚಂದ್ರನನ್ನೂ ಕರೆಯುವುದು ಒಂದೇ ಬೇರಿನ ಮಾತಿನಿಂದ. ಎಂಥ ಸೊಗಸು!

ಪದದ ಅರ್ಥ ಮಾತ್ರ ಎರಡು ಕಡೆ ವಾಲುತ್ತದೆ. 'ಪುರಾವೆಗಳ ಪ್ಲೆನಿಟ್ಯೂಡ್' ಎಂದರೆ ರಾಶಿ ರಾಶಿ ಪುರಾವೆ. 'ಬಾಳಿನ ಪ್ಲೆನಿಟ್ಯೂಡ್' ಎಂದರೆ ಯಾವುದೂ ಕೊರತೆಯಾಗದ ಬಾಳು. ಮೊದಲನೆಯದು ಎಷ್ಟಿದೆ ಎಂದು ಕೇಳುತ್ತದೆ, ಎರಡನೆಯದು ಏನಾದರೂ ಬಾಕಿ ಉಳಿದಿದೆಯೇ ಎಂದು ಕೇಳುತ್ತದೆ. ರಾಶಿಯ ಅರ್ಥಕ್ಕೆ ಪ್ಲೆಂಟಿಯೇ ಸಾಕು. ಪ್ಲೆನಿಟ್ಯೂಡ್‌ನ ನಿಜವಾದ ಬೆಲೆ ಇರುವುದು ಎರಡನೆಯ ಅರ್ಥದಲ್ಲಿ. ಮಧ್ಯಯುಗದ ಪೋಪರು ತಮಗಿದೆ ಎಂದ 'ಅಧಿಕಾರದ ಪ್ಲೆನಿಟ್ಯೂಡ್' ಬರೀ ಬಹಳಷ್ಟು ಅಧಿಕಾರವಲ್ಲ, ಚೂರೂ ಮುಕ್ಕಾಗದ ಇಡೀ ಅಧಿಕಾರ. ಆರ್ಥರ್ ಲವ್‌ಜಾಯ್ 1936ರ 'ದಿ ಗ್ರೇಟ್ ಚೈನ್ ಆಫ್ ಬೀಯಿಂಗ್' ಪುಸ್ತಕದಲ್ಲಿ 'ಪ್ಲೆನಿಟ್ಯೂಡ್ ತತ್ತ್ವ' ಎಂದು ಹೆಸರಿಟ್ಟದ್ದೂ ಇಂಥದ್ದನ್ನೇ: ಇರಲು ಸಾಧ್ಯವಿರುವುದೆಲ್ಲ ಜಗತ್ತಿನಲ್ಲಿ ಇದ್ದೇ ಇದೆ, ಎಲ್ಲೂ ತೆರಪಿಲ್ಲ ಎಂಬ ನಂಬಿಕೆ. ಅದರ ಜಾಡನ್ನು ಆತ ಪ್ಲೇಟೋವರೆಗೆ ಹಿಡಿದು ಹೋದ.

ಪ್ಲೆಂಟಿಯ ಸೆಳೆತದಿಂದ 'ಪ್ಲೆಂಟಿಟ್ಯೂಡ್' ಎಂದು ಬರೆಯುವವರುಂಟು. ನಿಘಂಟುಗಳು ಅದನ್ನೂ ದಾಖಲಿಸಿವೆ. ಆದರೂ ಎಚ್ಚರದ ಬರಹಕ್ಕೆ ಅದು ಒಪ್ಪುವುದಿಲ್ಲ.

ಕನ್ನಡಕ್ಕೆ ತರುವಾಗ ಹಲವರ ಕೈ ತಟ್ಟನೆ 'ಪರಿಪೂರ್ಣತೆ'ಯತ್ತ ಹೋಗುತ್ತದೆ. ಇಂದಿನ ಬಳಕೆಯಲ್ಲಿ ಅದು ದೋಷವಿಲ್ಲದ್ದು ಎಂಬ ಅರ್ಥಕ್ಕೆ ಹೊರಳಿದೆ. 'ಸಮೃದ್ಧಿ' ಎಂದರೆ ಮತ್ತೆ ರಾಶಿಯೇ. ನಮ್ಮ ಮನೆಗಳಲ್ಲಿ ದಿನವೂ ಓಡಾಡುವ 'ತುಂಬು' ಇವೆರಡಕ್ಕಿಂತ ಹತ್ತಿರ. ಉಡಿ ತುಂಬುವುದನ್ನೇ ನೋಡಿ. ಸೆರಗೊಡ್ಡಿ ಕುಳಿತವಳ ಮಡಿಲಿಗೆ ಬೀಳುವುದು ಸೇರುಗಟ್ಟಲೆ ಅಕ್ಕಿಯಲ್ಲ, ಕೆಲವೇ ಬೊಗಸೆ. ಅದರ ಜೊತೆಗೆ ತೆಂಗಿನಕಾಯಿ, ಎಲೆ ಅಡಿಕೆ, ಅರಿಸಿನ ಕೊಂಬು, ರವಿಕೆ ಕಣ. ಅರಿಸಿನ ಮರೆತಿದ್ದರೆ ಹಿರಿಯ ಮುತ್ತೈದೆ ಕೈ ತಡೆದು, ಒಳಗಿಂದ ತರಿಸಿ, ಆಮೇಲೆಯೇ ಮುಂದುವರಿಸುತ್ತಾಳೆ. ಅಲ್ಲಿ ಯಾರೂ ತೂಕ ನೋಡುವುದಿಲ್ಲ, ಏನೂ ಬಿಟ್ಟುಹೋಗಿಲ್ಲ ತಾನೇ ಎಂದಷ್ಟೇ ನೋಡುತ್ತಾರೆ. ದಿನ ತುಂಬಿದವಳು, ತುಂಬು ಸಂಸಾರ, ಮನ ತುಂಬಿ ಹರಸುವುದು ಎಲ್ಲದರಲ್ಲೂ ಇರುವುದು ಈ ಲೆಕ್ಕವೇ.

ಅನುವಾದಕರು ಈ ಇಂಗ್ಲಿಷ್ ಪದ ಎದುರಾದಾಗ ನಿಘಂಟಿನ ಮೊದಲ ಅರ್ಥಕ್ಕೇ ನಿಲ್ಲದಿರಲಿ. ವಾಕ್ಯ ರಾಶಿಯನ್ನು ಹೇಳುತ್ತಿದ್ದರೆ 'ಹೇರಳ' ಎನ್ನಲಿ, ಕೊರತೆಯಿಲ್ಲದ್ದನ್ನು ಹೇಳುತ್ತಿದ್ದರೆ 'ತುಂಬುತನ' ಎಂದು ಧೈರ್ಯವಾಗಿ ಬರೆಯಲಿ.