ಧೋಬಿ ತಲಾವಿನಲ್ಲಿ ಒಂದು ಶನಿವಾರ

ಮರೀನ್ ಲೈನ್ಸ್ ನಿಲ್ದಾಣದಲ್ಲಿ ಇಳಿದು ಪೂರ್ವದ ಕಡೆ ಹೊರಬಿದ್ದರೆ ಹತ್ತು ನಿಮಿಷದ ಕಾಲುನಡಿಗೆಯಲ್ಲಿ ಧೋಬಿ ತಲಾವ್ ಬರುತ್ತದೆ. ಐದಾರು ರಸ್ತೆಗಳು ಒಂದೆಡೆ ಬಂದು ಸೇರಿ ಗದ್ದಲ ಮಾಡುವ ಜಾಗ. ಹೆಸರು ಹೇಳುವಂತೆ ಇಲ್ಲಿ ಅಗಸರು ಬಟ್ಟೆ ಒಗೆಯುತ್ತಿದ್ದ ಕೆರೆಯೊಂದಿತ್ತು. ಅದನ್ನು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಇಲ್ಲಿ ಕೆರೆಯೂ ಇಲ್ಲ, ಧೋಬಿಗಳೂ ಇಲ್ಲ. ಆದರೆ ಪಿಟೀಲು, ಪಿಯಾನೋ, ಗಿಟಾರ್ ಕೊಳ್ಳಬೇಕೆನ್ನುವ ಮುಂಬಯಿಯವರು ಇವತ್ತಿಗೂ ಹುಡುಕಿಕೊಂಡು ಬರುವುದು ಈ ಮೂಲೆಗೇ. ಕಳೆದ ಮಳೆಗಾಲದ ಒಂದು ಶನಿವಾರ ನಾನು ಮಗಳೊಂದಿಗೆ ಅಲ್ಲಿಗೆ ಹೋಗಿದ್ದೆ, ಗಿಟಾರಿನ ಆಂಪ್ಲಿಫೈಯರ್ ಕೊಳ್ಳಲು.

ಹೋಗಬೇಕಾಗಿ ಬಂದದ್ದಕ್ಕೆ ಒಂದು ಕಾರಣವಿದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂದಿನ ವರ್ಷದ ರಾಜ್ಯೋತ್ಸವದಲ್ಲಿ ನಮ್ಮ ಸಂಘದ ವೇದಿಕೆಯ ಮೇಲೆ ಮಗಳ ತಂಡಕ್ಕೆ ಅವಕಾಶ ಸಿಕ್ಕಿತ್ತು. ಹಿರಿಯರೊಬ್ಬರು ಭಾವಗೀತೆ ಹಾಡುವುದು, ಈ ಮಕ್ಕಳು ಹಿಮ್ಮೇಳ ನುಡಿಸುವುದು. ಗೆಳೆಯನಿಂದ ಎರವಲು ತಂದ 100 ವಾಟಿನ ದೊಡ್ಡ ಆಂಪ್ಲಿಫೈಯರ್ ಇವಳ ಬೆನ್ನ ಹಿಂದೆ ನೆಲದ ಮೇಲಿತ್ತು. ಪಲ್ಲವಿ ಮುಗಿಯುವಷ್ಟರಲ್ಲಿ ಹಾಡುವವರ ದನಿ ಕೇಳಿಸದಾಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಿವಿಗೆ ಸೆರಗು ಒತ್ತಿಕೊಂಡರು. ಎರಡನೆಯ ಚರಣದಲ್ಲಿ ಹಾಡುತ್ತಿದ್ದವರು ಮೈಕ್ ಇಳಿಸಿ, ನಕ್ಕು, ಕೈಮುಗಿದು ವೇದಿಕೆಯಿಂದ ಇಳಿದೇಬಿಟ್ಟರು. ಅವರು ಬೈದಿದ್ದರೆ ವಾಸಿಯಿತ್ತು. ಆಮೇಲೆ ಕಮಿಟಿಯಲ್ಲಿ "ಬರುವ ವರ್ಷ ಹಾರ್ಮೋನಿಯಂ ತಬಲಾ ಸಾಕು" ಎಂದು ಮಾತಾಯಿತಂತೆ. ಮಗಳು ಗೋರೆಗಾಂವ್‌ವರೆಗೆ ರೈಲಿನಲ್ಲಿ ತುಟಿ ಬಿಚ್ಚಲಿಲ್ಲ. ಮನೆಗೆ ಬಂದ ಮೇಲೆ, "ನನಗೆ ನನ್ನ ಗಿಟಾರೇ ಕೇಳಿಸ್ತಿರ್ಲಿಲ್ಲ ಅಮ್ಮ, ಅದಕ್ಕೇ ಜಾಸ್ತಿ ಮಾಡಿದ್ದು" ಎಂದಳು. ಅಷ್ಟು ಸದ್ದಿನಲ್ಲಿ ಅವಳಿಗೆ ಕೇಳದಿರುವುದು ಹೇಗೆ? ಆಗ ನಾನದನ್ನು ನಂಬಿರಲಿಲ್ಲ.

ಸಂಘದವರು ದೊಡ್ಡ ಮನಸ್ಸು ಮಾಡಿ ಇನ್ನೊಂದು ಅವಕಾಶ ಕೊಟ್ಟರು, ಯುವ ವಿಭಾಗಕ್ಕೆ ಇಪ್ಪತ್ತು ನಿಮಿಷ. ಮಗಳು ಟ್ಯೂಷನ್ ಹೇಳಿ ಕೂಡಿಟ್ಟಿದ್ದ ಹಣಕ್ಕೆ ನನ್ನ ಡಬ್ಬಿಯದೂ ಸೇರಿ 40,000 ರೂಪಾಯಿ ಆಯಿತು. ಅದರಲ್ಲಿ ಸಂಘಕ್ಕೂ ಆಗಬೇಕು, ಅವಳ ಕಾಲೇಜಿನ ರಾಕ್ ಕಾರ್ಯಕ್ರಮಕ್ಕೂ ಆಗಬೇಕು, ಮನೆಯ ಹತ್ತಡಿ ಕೋಣೆಯಲ್ಲಿ ಅಭ್ಯಾಸಕ್ಕೂ ಆಗಬೇಕು. ನ್ಯೂಜೆರ್ಸಿಯಲ್ಲಿರುವ ನನ್ನ ಅಣ್ಣ, "ನಾನು ಬರುವಾಗ ತರ್ತೇನೆ, ಇಲ್ಲಿ ಸೋವಿ" ಎಂದ. ಮಗಳೇ ಬೇಡವೆಂದಳು. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ಅಲ್ಲಿಗೆಂದು ಮಾಡಿದ್ದನ್ನು ನೇರ ನಮ್ಮ ಗೋಡೆಗೆ ಚುಚ್ಚಿದರೆ ಫ್ಯೂಸಾದರೂ ಹೋಗುತ್ತದೆ, ಅದಕ್ಕಿಂತ ಹೆಚ್ಚಿನದೂ ಹೋಗಬಹುದು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಂಡರೆ ಊರೂರಿಗೆ ಅದನ್ನೂ ಹೊರಬೇಕು. ಪರದೇಶದಿಂದ ತರಿಸುವ ಆಲೋಚನೆ ನಿಮಗಿದ್ದರೆ ಪೆಟ್ಟಿಗೆಯ ಹಿಂದೆ ಬರೆದ ವೋಲ್ಟೇಜನ್ನು ಮೊದಲು ಓದಿಸಿಕೊಳ್ಳಿ.

ಧೋಬಿ ತಲಾವಿನ ನಟ್ಟನಡುವೆ ಜೇರ್ ಮಹಲ್ ಎಂಬ ಹಳೆಯ ಕಟ್ಟಡವಿದೆ. ಎದುರಿಗೆ 1938ರಲ್ಲಿ ತೆರೆದ ಮೆಟ್ರೋ ಚಿತ್ರಮಂದಿರ, ಕೆಳಗೆ 1904ರ ಕಯಾನಿ ಇರಾನಿ ಹೋಟೆಲು. ವಾದ್ಯಗಳಿಗೆ ಹೆಸರಾದ ಫುರ್ಟಾಡೋಸ್‌ನವರ ವ್ಯಾಪಾರ ಶುರುವಾದದ್ದು 1865ರಲ್ಲಿ. ಸಂಗೀತ ಇಲ್ಲೇ ಯಾಕೆ ನೆಲೆಯೂರಿತು ಎಂದರೆ, ಗೋವೆಯಿಂದ ಬಂದವರು ಇಲ್ಲಿ ನೆಲೆಯೂರಿದ್ದರು. ಒಂದೊಂದು ಹಳ್ಳಿಯವರು ಕೂಡಿ ನಡೆಸುವ 'ಕೂಡ್' ಎಂಬ ವಸತಿಗಳು ಈ ಕಟ್ಟಡದಲ್ಲೂ ಸುತ್ತಲ ಗಲ್ಲಿಗಳಲ್ಲೂ ಇದ್ದವು. ಹಡಗಿನ ಕೆಲಸಕ್ಕೆ ಹೋಗುವವರು, ಬ್ಯಾಂಡಿನಲ್ಲಿ ನುಡಿಸುವವರು ಒಂದು ಟ್ರಂಕು ಇಟ್ಟುಕೊಳ್ಳುವಷ್ಟು ಜಾಗದಲ್ಲಿ ಬದುಕಿದರು. ಹಿಂದಿ ಚಿತ್ರಸಂಗೀತದ ವಾದ್ಯಗೋಷ್ಠಿಗಳನ್ನು ತುಂಬಿದವರು ಗೋವೆಯ ಇಂಥ ಕಲಾವಿದರೇ. ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಆಂಥೊನಿ ಗೊನ್ಸಾಲ್ವಿಸ್ ಸಹ ಗೋವೆಯವರು. ನಮ್ಮ ಉಡುಪಿ, ಕುಂದಾಪುರದ ಹುಡುಗರು ಇದೇ ಊರಿನ ಕೋಟೆ ಭಾಗದ ಹೋಟೆಲುಗಳಲ್ಲಿ ಹಗಲು ತಟ್ಟೆ ಎತ್ತಿ, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಕಾಲವನ್ನು ನೆನೆದರೆ ಈ ಕೂಡ್‌ಗಳು ನನಗೆ ಪರಕೀಯವೆನಿಸುವುದಿಲ್ಲ. ಅವರು ಟ್ರಂಕಿನಲ್ಲಿ ಟ್ರಂಪೆಟ್ ತಂದರು, ನಮ್ಮವರು ಮದ್ದಳೆ ತಂದರು.

ಅಂಗಡಿಯೊಳಗೆ ಹೋದ ಮೇಲೆ ನನ್ನ ಬಿ.ಎ. ಇಂಗ್ಲಿಷು ಕೆಲಸಕ್ಕೆ ಬರಲಿಲ್ಲ. 'ಗೇನ್' ಎಂದರೆ ಲಾಭವಲ್ಲವಂತೆ, ಸಂಕೇತವನ್ನು ಮೊದಲ ಹಂತದಲ್ಲಿ ಎಷ್ಟು ಉಬ್ಬಿಸಬೇಕು ಎಂಬ ಲೆಕ್ಕವಂತೆ. 'ಹೆಡ್‌ರೂಮ್' ಎಂದರೆ ಸ್ವರ ಒಡೆಯದೆ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂಬುದು. ಇದನ್ನು ನನಗೆ ಬಿಡಿಸಿ ಹೇಳಿದವರು ಅಲ್ಲಿದ್ದ ಒಬ್ಬ ವಯಸ್ಸಾದ ಗೋವೆಯವರು. ನಮ್ಮಿಬ್ಬರ ಮಾತು ಕೇಳಿ "ಮಂಗಳೂರಾ?" ಎಂದರು. ಮಗಳು ವಾಟುಗಳ ಬಗ್ಗೆ ಕೇಳಲು ಹೊರಟರೆ ಅವರು ತಡೆದು, "ಡ್ರಮ್ ಬಾರಿಸುವವನ ಕೈ ಹೇಗೆ? ಮತ್ತೆ ನೀನು ಹೋಗುವುದು ಟ್ಯಾಕ್ಸಿಯಲ್ಲೋ ಲೋಕಲ್‌ನಲ್ಲೋ?" ಎಂದು ಕೇಳಿದರು. ಅವರು ವ್ಯಾಪಾರ ಮಾಡುವವರಂತೆ ನನಗೆ ಕಾಣಲೇ ಇಲ್ಲ.

ವಾಟಿನ ವಿಷಯ ನಾನು ತಿಳಿದುಕೊಂಡದ್ದು ಹೀಗೆ. 50 ವಾಟಿನ ಎರಡರಷ್ಟು 100 ವಾಟು ಎಂಬುದು ಕಾಗದದ ಮೇಲೆ ಮಾತ್ರ. ಕಿವಿಗೆ ಆ ವ್ಯತ್ಯಾಸ 3 ಡೆಸಿಬಲ್, ಅಂದರೆ ಗೊತ್ತಾಗುತ್ತದೆ, ಅಷ್ಟೆ. ಎರಡು ಪಟ್ಟು ಜೋರೆನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟು ಬೇಕು. ಮತ್ತೆ ಈ ನೂರರ ಹುಚ್ಚು ಎಲ್ಲಿಂದ ಬಂತು? ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಆಂಪ್ಲಿಫೈಯರ್ ಮಾಡಲು ತೊಡಗಿದರು. 1965ರ ಸುಮಾರಿಗೆ 'ದ ಹೂ' ತಂಡದವರು ಇನ್ನೂ ಜೋರು ಬೇಕೆಂದಾಗ 100 ವಾಟಿನದು ಹುಟ್ಟಿತು. ಆಗಿನ ಸಭಾಂಗಣಗಳ ಧ್ವನಿವರ್ಧಕಗಳು ಹಾಡುವವರ ದನಿಗೇ ಸಾಲುತ್ತಿರಲಿಲ್ಲ; ಗಿಟಾರ್ ತನ್ನ ಪೆಟ್ಟಿಗೆಯ ಬಲದಿಂದಲೇ ಹಿಂದಿನ ಸಾಲನ್ನು ಮುಟ್ಟಬೇಕಿತ್ತು. ಇಂದು ನಮ್ಮ ಸಣ್ಣ ಸಭಾಗೃಹದಲ್ಲೂ ಮಿಕ್ಸರ್ ಇದೆ, ಎರಡು ಬದಿಗೆ ಸ್ಪೀಕರ್ ಇದೆ. ಹಿಂದಿನ ಸಾಲನ್ನು ಮುಟ್ಟುವ ಕೆಲಸ ಅವುಗಳದು. ಗಿಟಾರಿನ ಪೆಟ್ಟಿಗೆ ಕೇಳಬೇಕಾದದ್ದು ನುಡಿಸುವವಳಿಗೆ ಮತ್ತು ಅವಳ ಪಕ್ಕದವರಿಗೆ.

ಮಗಳು ಮೊದಲು ಪ್ರಯತ್ನಿಸಿದ್ದು ವ್ಯಾಕ್ಯೂಮ್ ಟ್ಯೂಬಿನ 15 ವಾಟಿನದು, ವೋಕ್ಸ್ ಎಸಿ-15. ನಮ್ಮ ಹಳೆಯ ವಾಲ್ವ್ ರೇಡಿಯೋದ ಮನೆತನ. ಬರೇ 15 ಎಂದು ಹಗುರವಾಗಿ ಕಂಡೆ. ಆದರೆ ಅದು ಅಂಗಡಿಯ ಗಾಜನ್ನು ನಡುಗಿಸಿತು. ಸ್ವರ ಮಾತ್ರ ಎಷ್ಟು ಸೊಗಸು! ಮೆಲ್ಲಗೆ ಮೀಟಿದರೆ ಗಂಟೆ, ಬಲವಾಗಿ ಮೀಟಿದರೆ ಕರಕರ. ತೊಡಕೇನೆಂದರೆ, ಟ್ಯೂಬಿನ ಆ ಕರಕರ ಚೆನ್ನಾಗಿ ಬರುವುದು ಜೋರು ಮಾಡಿದಾಗ. ಮನೆಯಲ್ಲಿ ಹಾಗೆ ನುಡಿಸಿದರೆ ಮೇಲಿನ ಮಹಡಿಯವರು ಇಳಿದು ಬರುತ್ತಾರೆ. ಆ ಬಳಿಕ ರೋಲ್ಯಾಂಡ್ ಜೆಸಿ-120. ಇದು 1975ರಿಂದಲೂ ಹೆಸರಾದ ಟ್ರಾನ್ಸಿಸ್ಟರ್ ಪೆಟ್ಟಿಗೆ, ಎಷ್ಟು ಏರಿಸಿದರೂ ಸ್ವರ ಕೆಡದ ನಿರ್ಮಲ ಧ್ವನಿ. ಭಾವಗೀತೆಗೆ ಹೇಳಿ ಮಾಡಿಸಿದ್ದು ಎಂದು ನನಗೆ ಆಸೆಯಾಯಿತು. ಎತ್ತಿ ನೋಡಲು ಹೋದೆ, ಆಗಲಿಲ್ಲ. ಸುಮಾರು 28 ಕಿಲೋ. ಚರ್ಚ್‌ಗೇಟ್ ಲೋಕಲ್ ಅದಕ್ಕಾಗಿ ಕಾಯುತ್ತದೆಯೇ? ಬೆಲೆಯನ್ನು ಕೇಳುವ ಧೈರ್ಯವನ್ನೂ ಮಾಡಲಿಲ್ಲ.

ಮೂರನೆಯದು ಬಾಸ್ ಕಂಪನಿಯ ಕಟಾನಾ, 50 ವಾಟಿನದು, 12 ಇಂಚಿನ ಒಂದು ಸ್ಪೀಕರು, ತೂಕ 12 ಕಿಲೋದ ಒಳಗೆ. ಇದು ಹಲವು ಬಗೆಯ ಆಂಪ್ಲಿಫೈಯರುಗಳ ಸ್ವಭಾವವನ್ನು ಡಿಜಿಟಲ್ ಲೆಕ್ಕದಿಂದ ಅನುಕರಿಸುತ್ತದೆ. ನಿರ್ಮಲ ಧ್ವನಿಗೊಂದು, ಒರಟು ರಾಕ್‌ಗೆ ಬೇರೆ ಬೇರೆ, ಅಕೂಸ್ಟಿಕ್ ಗಿಟಾರಿಗೂ ಒಂದು. ಅನುಕರಣೆ ಎಂದರೆ ನನಗೆ ಸ್ವಲ್ಪ ತಾತ್ಸಾರ. ಟ್ಯೂಬಿನ ಆ ಗಂಟೆ ಇದರಲ್ಲಿ ಇಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಇದರಲ್ಲಿ ಬಲವನ್ನು ಅರ್ಧ ವಾಟಿಗೆ ಇಳಿಸುವ ಸೌಕರ್ಯವಿದೆ, ಇಯರ್‌ಫೋನ್ ಹಾಕಿಕೊಂಡು ಮಧ್ಯರಾತ್ರಿಯೂ ನುಡಿಸಬಹುದು, ಮತ್ತು ಅದೇ ತೂತಿನಿಂದ ತಂತಿ ಎಳೆದು ಮಿಕ್ಸರಿಗೆ ಕೊಡಬಹುದು. ಹಾಗೆ ಕೊಡುವ ವ್ಯವಸ್ಥೆ ಇಲ್ಲದ ಪೆಟ್ಟಿಗೆಯ ಮುಂದೆ ಒಂದು ಮೈಕ್ ನಿಲ್ಲಿಸುತ್ತಾರೆ. ಅದೂ ತಪ್ಪಲ್ಲ, ಎಷ್ಟೋ ದೊಡ್ಡವರು ಹಾಗೇ ಮಾಡುವುದು. ಆದರೆ ನಮ್ಮಂಥ ಸಭೆಗಳಲ್ಲಿ ಇರುವ ನಾಲ್ಕೇ ಮೈಕು ಹಾಡುವವರಿಗೆ ಬೇಕು.

ಗೋವೆಯ ಅಂಕಲ್ ಮಗಳನ್ನು ಒಂದು ವಿಷಯಕ್ಕೆ ಗದರಿಸಿದರು. ಅವಳು ಮನೆಯ ಅಭ್ಯಾಸದಂತೆ ಬೇಸ್ ಪೂರ್ತಿ ಏರಿಸಿ, ಮಿಡ್ಲ್ ಎಂಬ ನಾಬನ್ನು ಪೂರ್ತಿ ಇಳಿಸಿದ್ದಳು. ಕೋಣೆಯಲ್ಲಿ ಒಬ್ಬಳೇ ನುಡಿಸುವಾಗ ಅದು ದಪ್ಪವಾಗಿ, ಇಂಪಾಗಿ ಕೇಳುತ್ತದೆ. ವೇದಿಕೆಯ ಮೇಲೆ ಆ ಬೇಸನ್ನು ಡ್ರಮ್ಮೂ ಬೇಸ್ ಗಿಟಾರೂ ನುಂಗಿ ಹಾಕುತ್ತವೆ. ಗಿಟಾರಿನ ಮಾತು ಇರುವುದು ಮಧ್ಯದ ಸ್ವರಗಳಲ್ಲಿ. ಅದನ್ನೇ ಕತ್ತರಿಸಿದರೆ ಕೇಳುವುದಿಲ್ಲ, ಕೇಳದಿದ್ದರೆ ವಾಲ್ಯೂಮ್ ಏರಿಸುತ್ತೀರಿ. ಆಮೇಲೆ ಪೆಟ್ಟಿಗೆಯನ್ನು ಎಲ್ಲಿ ಇಟ್ಟಿದ್ದೆ ಎಂದು ಕೇಳಿದರು. ನೆಲದ ಮೇಲೆ, ಬೆನ್ನ ಹಿಂದೆ ಎಂದಳು. ಅವರು ನಕ್ಕು, "ನಿನ್ನ ಮೊಣಕಾಲಿಗೆ ಕಿವಿ ಇದೆಯಾ ಮಗಳೇ?" ಎಂದರು.

ಸ್ಪೀಕರಿನ ತೀಕ್ಷ್ಣ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತವಂತೆ. ಪೆಟ್ಟಿಗೆ ನೆಲದಲ್ಲಿದ್ದು, ನೀವು ಎರಡು ಹೆಜ್ಜೆ ಮುಂದೆ ನಿಂತರೆ ಅವು ನಿಮ್ಮ ಕಾಲಿಗೆ ತಾಗಿ, ಪಕ್ಕದಿಂದ ಹಾದು, ಮೊದಲ ಸಾಲಿನಲ್ಲಿ ಕುಳಿತವರ ಮುಖಕ್ಕೆ ಹೊಡೆಯುತ್ತವೆ. ಅಂದರೆ ಆ ದಿನ ಮಗಳು ಹೇಳಿದ್ದು ನಿಜ. ಅವಳಿಗೆ ಕೇಳುತ್ತಿರಲಿಲ್ಲ, ಅಜ್ಜಿಗೆ ಸಹಿಸಲಾಗುತ್ತಿರಲಿಲ್ಲ. ಪೆಟ್ಟಿಗೆಯನ್ನು ಒಂದು ಕುರ್ಚಿಯ ಮೇಲಿಟ್ಟು, ಸ್ವಲ್ಪ ಹಿಂದಕ್ಕೆ ವಾಲಿಸಿ, ಅವಳ ಕಿವಿಯ ಕಡೆ ತಿರುಗಿಸಿದ್ದರೆ ಆ ಎರವಲು ಆಂಪ್ಲಿಫೈಯರಿನಲ್ಲೇ ಸಭೆ ನಡೆದುಹೋಗುತ್ತಿತ್ತೋ ಏನೋ. ಅಂಗಡಿಯಲ್ಲಿ ನಿಂತು ನಾನು ಮಗಳ ಮುಖ ನೋಡಿದೆ. ವರ್ಷಪೂರ್ತಿ ಅವಳನ್ನು ಸುಳ್ಳಿ ಎಂದುಕೊಂಡಿದ್ದೆನಲ್ಲ!

ಕಟಾನಾವನ್ನೇ ಕೊಂಡೆವು. ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಕಯಾನಿಯಲ್ಲಿ ಬನ್ ಮಸ್ಕಾ, ಚಹಾ. ಅಲ್ಲಿಂದ ಮಗಳು ನನ್ನನ್ನು ಸೇಂಟ್ ಝೇವಿಯರ್ಸ್ ಕಾಲೇಜಿನ ಕಡೆ ಕರೆದುಕೊಂಡು ಹೋಗಿ ರಂಗ್ ಭವನವನ್ನು ಹೊರಗಿನಿಂದ ತೋರಿಸಿದಳು. ಈ ಬಯಲು ರಂಗಮಂದಿರದಲ್ಲಿ ಜಾಝ್ ಯಾತ್ರಾ ನಡೆಯುತ್ತಿತ್ತು. 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಹುಟ್ಟಿದ್ದೂ ಇಲ್ಲೇ. ಸುತ್ತ ಆಸ್ಪತ್ರೆಗಳು, ಕಾಲೇಜು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಅಂಥವುಗಳ ಸುತ್ತ 100 ಮೀಟರ್ ಶಾಂತ ವಲಯ, ಹಗಲಿನ ಮಿತಿ 50 ಡೆಸಿಬಲ್. ಇಬ್ಬರು ಎದುರುಬದುರು ಕುಳಿತು ಮಾತಾಡಿದರೇ 60 ಆಗುತ್ತದೆ! ಕೆಲವೇ ವರ್ಷಗಳಲ್ಲಿ ಅಲ್ಲಿಯ ಸಂಗೀತ ನಿಂತಿತು. ನನಗೆ ಆಸ್ಪತ್ರೆಯ ರೋಗಿಗಳ ಬಗ್ಗೆಯೂ ಮರುಕ, ಈ ಮಕ್ಕಳ ಬಗ್ಗೆಯೂ ಮರುಕ. ಯಾರ ಪಕ್ಷ ಹಿಡಿಯಲಿ? ಮಗಳು ಬಹಳ ಹೊತ್ತು ಆ ಗೇಟಿನ ಮುಂದೆ ನಿಂತಿದ್ದಳು.

ವಾಪಸು ಸಾಮಾನು ಡಬ್ಬಿಯಲ್ಲಿ ಹತ್ತಿದೆವು. ಅಂಧೇರಿಯವರೆಗೆ ಖಾಲಿ ಮೀನುಬುಟ್ಟಿಗಳ ನಡುವೆ ಕಟಾನಾ ಕುಳಿತಿತ್ತು. ಬುಟ್ಟಿಯ ಒಡತಿ ಅದರಲ್ಲೇನಿದೆಯೆಂದು ಮರಾಠಿಯಲ್ಲಿ ಕೇಳಿದರು. "ಆವಾಜ್" ಎಂದಳು ಮಗಳು.

ಅಕ್ಟೋಬರಿನ ಒಂದು ಭಾನುವಾರ ಸಂಘದ ಹಾಲಿನಲ್ಲಿ ತಾಲೀಮು. ಅದೇ ಹಿರಿಯರು ಬಂದರು, ನಾನೇ ಫೋನ್ ಮಾಡಿ ಬೇಡಿಕೊಂಡಿದ್ದೆ. ಮಗಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪೆಟ್ಟಿಗೆ ಇಟ್ಟು, ಹಿಂದಕ್ಕೆ ವಾಲಿಸಿ, ಮಿಕ್ಸರಿಗೆ ತಂತಿ ಕೊಟ್ಟು, ಹೆದರಿಕೆಯಿಂದಲೋ ಏನೋ ವಾಲ್ಯೂಮನ್ನು ಸೊನ್ನೆಯ ಹತ್ತಿರ ನಿಲ್ಲಿಸಿದಳು. ಅವರು ಕಣ್ಣು ಮುಚ್ಚಿ ಪಲ್ಲವಿ ಎತ್ತಿಕೊಂಡರು. ಎರಡು ಸಾಲು ಹಾಡಿ ನಿಲ್ಲಿಸಿದರು. ನನ್ನ ಎದೆ ಧಸಕ್ಕೆಂದಿತು.

"ಸ್ವಲ್ಪ ಜಾಸ್ತಿ ಮಾಡು ಮಗಾ," ಎಂದರು, "ನನಗೆ ಶ್ರುತಿ ಸಿಗ್ತಾ ಇಲ್ಲ."

ಮಗಳು ನಾಬನ್ನು ಒಂದು ಗೆರೆಯಷ್ಟು ಏರಿಸಿ, ನನ್ನ ಕೈಚೀಲದಿಂದ ಪೆನ್ಸಿಲ್ ತೆಗೆದು ಅಲ್ಲೊಂದು ಗುರುತು ಮಾಡಿಕೊಂಡಳು.