ಮೂರು ಕಾರು, ಹನ್ನೆರಡು ನಿಂಬೆಹಣ್ಣು

ಆಯುಧಪೂಜೆಯ ದಿನ ನಮ್ಮ ಮನೆಯ ಲೆಕ್ಕ ಸುಲಭ. ಚಕ್ರಕ್ಕೊಂದು ನಿಂಬೆಹಣ್ಣು, ಕಾರಿಗೆ ನಾಲ್ಕು, ಒಟ್ಟು ಹನ್ನೆರಡು. ಕಾರಿಗೊಂದು ಬೂದುಗುಂಬಳ, ಎರಡೆರಡು ಬಾಳೆಕಂದು, ನಾಲ್ಕು ಮೊಳ ಸೇವಂತಿಗೆ. ವಿಜಯನಗರದ ಮಾರ್ಕೆಟ್ಟಿನಲ್ಲಿ ಹೂವಿನಾಕೆ ಪ್ರತಿ ವರ್ಷವೂ ಕೇಳುತ್ತಾಳೆ, ‘ಟ್ರಾವೆಲ್ಸ್ ಇಟ್ಟಿದ್ದೀರಾ ಅಣ್ಣಾ?’ ನಾನು ಹೂಂ ಅನ್ನುವುದೂ ಇಲ್ಲ, ಊಹೂಂ ಅನ್ನುವುದೂ ಇಲ್ಲ. ಹೂಂ ಅಂದರೆ ಹಬ್ಬದ ದಿನ ಸುಳ್ಳು. ಊಹೂಂ ಅಂದರೆ ಮುಂದಿನ ಪ್ರಶ್ನೆ ಗ್ಯಾರಂಟಿ: ‘ಮತ್ತೆ ಮೂರು ಗಾಡಿ ಯಾಕೆ?’

ಪೂಜೆಯಾದ ಮೇಲೆ ಗಾಡಿ ಒಂದು ಮಾರು ಮುಂದೆ ಹೋಗಿ ನಿಂಬೆಹಣ್ಣು ಅಪ್ಪಚ್ಚಿಯಾಗಬೇಕು. ಹೋದ ಸಲ ಮಗನ ಕಾರು ಹೋಯಿತು. ಮಾರುತಿ ಎರಡು ಸಲ ಕೆಮ್ಮಿ ಹೋಯಿತು. ಫಿಯಟ್ಟು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಪಕ್ಕದ ಮನೆಯವರು, ಅವರ ಮಗ, ಬೀದಿ ತುದಿಯ ಇಸ್ತ್ರಿಯವನು ಎಲ್ಲ ಸೇರಿ ತಳ್ಳಿದರು. ಮೂರು ನಿಂಬೆಹಣ್ಣು ಒಡೆದವು, ನಾಲ್ಕನೆಯದು ಪುಟಕ್ಕನೆ ಚಿಮ್ಮಿ ಮೋರಿ ಸೇರಿತು. ‘ಸಾಕು ಬಿಡಿ ಸಾರ್, ಮನಸ್ಸಿದೆಯಲ್ಲ, ದೇವರು ಅರ್ಥ ಮಾಡ್ಕೋತಾನೆ’ ಅಂದರು ಪಕ್ಕದವರು, ಕೈಯ ಕುಂಕುಮ ಒರೆಸಿಕೊಳ್ಳುತ್ತ.

ನಾನು ಕಾರಿನಲ್ಲಿ ಓಡಾಡುವವನಲ್ಲ ಅನ್ನುವುದನ್ನು ಇಲ್ಲಿಯೇ ಹೇಳಿಬಿಡಬೇಕು. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಗೆ ಮೆಟ್ರೋ ಬಂದದ್ದು 2015ರ ನವೆಂಬರಿನಲ್ಲಿ. ಮರುವರ್ಷ ಆ ಹಳಿ ಪೇಟೆಯ ಕಡೆಗೂ ಕೂಡಿಕೊಂಡ ಮೇಲೆ ಮೆಜೆಸ್ಟಿಕ್ ಅಂದರೂ ಮೆಟ್ರೋ, ಎಂ.ಜಿ. ರಸ್ತೆ ಅಂದರೂ ಮೆಟ್ರೋ. 2021ರಲ್ಲಿ ಅದೇ ಹಳಿ ಕೆಂಗೇರಿಗೂ ಹೋಯಿತು. ಮನೆಯಿಂದ ಅತ್ತಿಗುಪ್ಪೆ ಸ್ಟೇಷನ್ನಿಗೆ ನಡೆದು ಹೋಗುವಾಗ ನನ್ನವೇ ಮೂರು ಕಾರುಗಳನ್ನು ದಾಟಿಕೊಂಡು ಹೋಗುತ್ತೇನೆ. ಫಿಯಟ್ಟಿನ ಕವರಿನ ಮೇಲೆ ಹೊಂಗೆಯ ಹೂವು ಚುರುಮುರಿಯ ಹಾಗೆ ಬಿದ್ದಿರುತ್ತದೆ. ಬೆಕ್ಕೊಂದು ಅದರ ಮೇಲೆ ಮಲಗಿ, ಇವನ್ಯಾರು ಎನ್ನುವ ಹಾಗೆ ನೋಡುತ್ತದೆ.

ಫಿಯಟ್ಟು ಅಪ್ಪನದು. 1981ರ ಗಾಡಿ, 1987ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ನಂಬರ್ ಪ್ಲೇಟಿಗೆ ಕೆಎ ಅಕ್ಷರ ಬರುವುದಕ್ಕೂ ಹಿಂದಿನದು. ಆರ್‌ಸಿ ಪುಸ್ತಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದಿದೆ. ಮುಂಬೈ ಕುರ್ಲಾದ ಪ್ರೀಮಿಯರ್ ಕಂಪನಿ ಇಟಲಿಯ ಫಿಯಟ್ 1100 ಅನ್ನು ಇಲ್ಲಿ ಮಾಡುತ್ತಿತ್ತು, 1974ರಿಂದ ಚಿತ್ತೋರಿನ ರಾಣಿಯ ಹೆಸರಿಟ್ಟಿತು. ಆದರೆ ನಮ್ಮ ಬೀದಿಯಲ್ಲಿ ಯಾರೂ ಅದನ್ನು ಪದ್ಮಿನಿ ಎಂದು ಕರೆದದ್ದು ನಾನು ಕೇಳಿಲ್ಲ. ಫಿಯಟ್ಟು ಅಂದರೆ ಫಿಯಟ್ಟು. 1089 ಸಿಸಿ, ನಾಲ್ಕು ಸಿಲಿಂಡರು, ಗೇರು ಸ್ಟಿಯರಿಂಗ್ ಪಕ್ಕದಲ್ಲಿ. ಮಾರುತಿ ಬರುವ ತನಕ ಕಾರು ಬೇಕೆಂದರೆ ಹೆಚ್ಚಾಗಿ ಅಂಬಾಸಡರ್ ಇಲ್ಲವೇ ಇದು. ಹೊಸದಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಹಳೆಯದಕ್ಕೂ ಹೊಸದರ ಗತ್ತು. ಅಪ್ಪ ಅದನ್ನು ಮನೆಗೆ ತಂದ ಸಂಜೆ, ಒಳಗೆ ತರಲಾಗದೆ ಗೇಟಿನ ಮುಂದೆ ನಿಲ್ಲಿಸಿಕೊಂಡು ನಿಂತಿದ್ದರು. ಗೇಟು ಇದ್ದದ್ದು ಸ್ಕೂಟರಿನ ಅಳತೆಗೆ.

ಆ ತಪ್ಪು ಅಪ್ಪನದಲ್ಲ. ನಮ್ಮ ಕಡೆಯ ಬಡಾವಣೆಗಳ ಅಳತೆಯೇ ಅಷ್ಟು. 1949ರ ಜುಲೈನಲ್ಲಿ ರಾಜಗೋಪಾಲಾಚಾರಿಯವರು ಬಂದು ಅಡಿಗಲ್ಲಿಟ್ಟ ರಾಜಾಜಿನಗರವಾಗಲಿ, ಆಮೇಲೆ ಎದ್ದ ವಿಜಯನಗರ, ಬಸವೇಶ್ವರನಗರಗಳಾಗಲಿ, ಕಾರ್ಖಾನೆಗೆ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಹೋಗುವವರಿಗಾಗಿ ಗೆರೆ ಎಳೆದ ಬೀದಿಗಳು. ಮೂವತ್ತು ನಲವತ್ತರ ಸೈಟು. ಬೀದಿಯ ಕಡೆಗೆ ಮೂವತ್ತಡಿ ಮುಖ.

ಈ ಮೂವತ್ತಡಿಯನ್ನು ನಾನು ಟೇಪು ಹಿಡಿದು ಅಳೆದಿದ್ದೇನೆ. ನಿವೃತ್ತ ಬ್ಯಾಂಕ್ ನೌಕರನಿಗೆ ಮತ್ತೇನು ಕೆಲಸ? ಫಿಯಟ್ಟು ಹೆಚ್ಚುಕಡಿಮೆ ಹದಿಮೂರಡಿ. ಮಾರುತಿ ಹನ್ನೊಂದು. ಮಗನದು ಮತ್ತೆ ಹದಿಮೂರು. ನಾಲ್ಕು ಮೀಟರಿನೊಳಗೆ ಇದ್ದರೆ ತೆರಿಗೆ ಕಡಿಮೆಯೆಂದು ಕಂಪನಿಗಳು ಹಿಂಬದಿ ಕತ್ತರಿಸಿ ಮಾಡುವ ಜಾತಿಯದು. ಒಟ್ಟು ಮೂವತ್ತೇಳು ಅಡಿ ಕಾರು, ಮೂವತ್ತಡಿ ಸೈಟಿಗೆ. ಮಾರುತಿ ಒಳಗೆ, ಸರಿ. ಗೇಟಿಗೆ ಒಂಬತ್ತಡಿ ಬಿಡಬೇಕು, ಉಳಿದದ್ದು ಇಪ್ಪತ್ತೊಂದು. ಅಲ್ಲಿ ಇಪ್ಪತ್ತಾರು ಅಡಿಯ ಎರಡು ಕಾರು ನಿಲ್ಲಬೇಕು. ಅಂದರೆ ಐದಡಿ ಫಿಯಟ್ಟು ಪಕ್ಕದವರ ಪಾಲಿನ ಬೀದಿಯಲ್ಲಿದೆ. ಪಕ್ಕದವರು ಜಗಳದ ಮನುಷ್ಯರಲ್ಲ. ತಿಂಗಳಿಗೊಮ್ಮೆ ಗೇಟಿನ ಬಳಿ ನಿಂತು, ‘ಸಾರ್, ಸ್ವಲ್ಪ ಈ ಕಡೆಗೆ...’ ಎಂದು ವಾಕ್ಯ ಪೂರ್ತಿ ಮಾಡದೆ ಬಿಡುತ್ತಾರೆ. ಬೈದಿದ್ದರೆ ವಾಸಿ ಅನ್ನಿಸುತ್ತದೆ.

ಜಪಾನಿನಲ್ಲಿ 1962ರಿಂದಲೇ ಒಂದು ಕಾನೂನಿದೆಯಂತೆ. ಕಾರು ಕೊಳ್ಳಬೇಕಾದರೆ ನಿಲ್ಲಿಸಲು ಜಾಗ ಇದೆಯೆಂದು ಪೊಲೀಸ್ ಠಾಣೆಯಿಂದ ಸರ್ಟಿಫಿಕೇಟ್ ತರಬೇಕು. ಆ ಜಾಗ ಮನೆಯಿಂದ ಎರಡು ಕಿಲೋಮೀಟರಿನೊಳಗೆ ಇರಬೇಕು. ಪುಣ್ಯವಂತರು. ನಮ್ಮಲ್ಲೂ 2021ರಲ್ಲಿ ಹೊಸ ಪಾರ್ಕಿಂಗ್ ನೀತಿ ಬಂತು. ಬೀದಿಯಲ್ಲಿ ನಿಲ್ಲಿಸುವವರು ಗಾಡಿಯ ಗಾತ್ರ ನೋಡಿ ವರ್ಷಕ್ಕೆ ಸಾವಿರದಿಂದ ಐದು ಸಾವಿರದವರೆಗೆ ಕಟ್ಟಿ ಪರ್ಮಿಟ್ ತೆಗೆದುಕೊಳ್ಳಬೇಕು ಎಂದಿತು. ಪೇಪರಿನಲ್ಲಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆದರೆ ನಮ್ಮ ಬೀದಿಗೆ ಇನ್ನೂ ಯಾರೂ ರಸೀದಿ ಪುಸ್ತಕ ಹಿಡಿದು ಬಂದಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿ ಆಗಲೇ ಕೆಲವು ವರ್ಷವಾಯಿತು. ಅದರಲ್ಲಿ ನನ್ನವು ಮೂರು ಎಂದು ನೆನೆದಾಗ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೂ ಕೂತವನ ಮುಖ ನನ್ನದು.

ಮಾರುತಿ ನನ್ನಾಕೆಯದು. 1999ರಲ್ಲಿ ನಾನೇ ಸಾಲ ಮಾಡಿ ಕೊಂಡದ್ದು. ಆದರೆ ಅದರಲ್ಲಿ ಡ್ರೈವಿಂಗ್ ಕಲಿತು, ಹಾವನೂರು ಸರ್ಕಲ್ಲಿನಲ್ಲಿ ಬಸ್ಸುಗಳ ನಡುವೆ ತೂರಿಕೊಂಡು ಬಸವೇಶ್ವರನಗರದ ಶಾಲೆಗೆ ಹೋಗಿ ಪಾಠ ಹೇಳಿ ಬಂದವಳು ಅವಳು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನು, ಹಿಂದಿನ ಸೀಟಿನಲ್ಲಿ ಮೂವರು ಟೀಚರು, ಕಾಲ ಬುಡದಲ್ಲಿ ತಿದ್ದುವ ನೋಟ್‌ಬುಕ್ಕುಗಳ ಕಟ್ಟು. ಫ್ಲೈಓವರ್ ಏರುವಾಗ ಏಸಿ ಆರಿಸಬೇಕಿತ್ತು. ಮೂವರೂ ಟೀಚರು ತಾವಾಗಿಯೇ ಕಿಟಕಿ ಇಳಿಸುತ್ತಿದ್ದರಂತೆ. ಹೊಗೆಯ ನಿಯಮ ಬಿಗಿಯಾಗಿ 2010ರ ಏಪ್ರಿಲಿನಿಂದ ಬೆಂಗಳೂರೂ ಸೇರಿ ಹದಿಮೂರು ನಗರಗಳಲ್ಲಿ ಮಾರುತಿ 800ರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೂ ನಿಂತಿತು. ಆ ಸುದ್ದಿ ಓದಿ ನಾನು, ‘ಈಗಲಾದರೂ ಕೊಟ್ಟುಬಿಡೋಣ್ವಾ?’ ಅಂದೆ. ‘ಮಾಡೋದೇ ನಿಲ್ಲಿಸಿದ್ಮೇಲೆ ಕೊಡೋದು ಹೇಗ್ರೀ? ಮತ್ತೆ ಸಿಗುತ್ತಾ?’ ಅಂದಳು. ಈ ವಾದಕ್ಕೆ ಉತ್ತರ ನನಗಿನ್ನೂ ಹೊಳೆದಿಲ್ಲ.

ಅವಳ ಪರವಾಗಿ ಒಂದು ದೊಡ್ಡ ಸಾಕ್ಷಿಯೂ ಇದೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಮಾರುತಿಯ ಬೀಗದ ಕೈ ತೆಗೆದುಕೊಂಡವರು ದೆಹಲಿಯ ಹರ್ಪಾಲ್ ಸಿಂಗ್. ಅವರು ಆ ಕಾರನ್ನು ಮಾರಲೇ ಇಲ್ಲ. 2010ರಲ್ಲಿ ತೀರಿಕೊಳ್ಳುವವರೆಗೂ ಇಟ್ಟುಕೊಂಡರು. ಆಮೇಲೆ ಅದು ಮನೆಯ ಮುಂದೆ ತುಕ್ಕು ಹಿಡಿದು ನಿಂತಿತ್ತು. ಈಚೆಗೆ ಕಂಪನಿಯವರೇ ರಿಪೇರಿ ಮಾಡಿಸಿ ತಮ್ಮ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ನನ್ನಾಕೆ ಇದರಲ್ಲಿ ಕೊನೆಯ ಭಾಗವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾಳೆ. ನಡುವಿನ ತುಕ್ಕಿನ ವರ್ಷಗಳನ್ನು ನಾನು ನೆನಪಿಸಬೇಕು.

ಮೂರನೆಯದು ಮಗನದು. ಜರ್ಮನಿಗೆ ಹೊರಟಾಗ ಕೀ ನನ್ನ ಕೈಗಿತ್ತು, ‘ಒಂದು ವರ್ಷ ನೋಡ್ಕೋಪ್ಪ’ ಅಂದ. ಐದು ವರ್ಷವಾಯಿತು. ಫೋನಿನಲ್ಲಿ ಮೊದಲು ಅಮ್ಮನ ಮಂಡಿನೋವು ಕೇಳುತ್ತಾನೆ, ಆಮೇಲೆ ‘ಗಾಡಿ ಸ್ಟಾರ್ಟ್ ಮಾಡ್ತಿದ್ದೀಯಾ?’ ಎಂದು ಕೇಳುತ್ತಾನೆ. ಅದನ್ನು ಮಾರುವುದೆಂದರೆ ಅವನು ವಾಪಸು ಬರುವುದಿಲ್ಲ ಎಂದು ನಾವೇ ಮೊಹರು ಒತ್ತಿಕೊಟ್ಟ ಹಾಗೆ. ಆದ್ದರಿಂದ ಆ ವಿಷಯ ನಮ್ಮ ಮನೆಯಲ್ಲಿ ಎತ್ತುವುದಿಲ್ಲ.

ಹೀಗೆ ಮೂವರ ನಡುವೆ ಒಂದು ಒಪ್ಪಂದವಿದೆ, ಯಾರೂ ಬರೆದು ಸಹಿ ಹಾಕದ್ದು. ‘ನಿಮ್ಮಪ್ಪನ ಗಾಡಿ ಇರೋ ತನಕ ನನ್ನ ಗಾಡೀನೂ ಇರುತ್ತೆ’ ಅನ್ನುವುದು ಅವಳ ಷರತ್ತು. ‘ಅಮ್ಮನ ಡಬ್ಬ ಇಟ್ಕೊಂಡು ನನ್ನ ಗಾಡಿ ಮಾರ್ತೀರಾ?’ ಅನ್ನುವುದು ಅವನದು. ನಾನು ಫಿಯಟ್ಟಿನಿಂದ ಶುರು ಮಾಡಿದರೆ ಎಲ್ಲವೂ ಸಡಿಲವಾಗುತ್ತದೆ. ಅದಕ್ಕೇ ನಾನು ಶುರು ಮಾಡುವುದಿಲ್ಲ.

ಓಡದ ಕಾರಿಗೆ ಓಡುವ ಕಾರಿಗಿಂತ ಉಪಚಾರ ಜಾಸ್ತಿ. ಪ್ರತಿ ಭಾನುವಾರ ಬೆಳಿಗ್ಗೆ ಏಳೂವರೆಗೆ ಫಿಯಟ್ಟಿನ ಬಾನೆಟ್ಟು ಎತ್ತುತ್ತೇನೆ. ಮೊದಲು ಮೂಗಿಗೆ ಬರುವುದು ಹೊಗೆಸೊಪ್ಪಿನ ಘಾಟು. ಇಲಿ ವೈರು ಕಡಿಯದಿರಲಿ ಎಂದು ಎಂಜಿನ್ನಿನ ಮೂಲೆಗಳಲ್ಲಿ ಹೊಗೆಸೊಪ್ಪಿನ ಕಡ್ಡಿ ಕಟ್ಟಿಟ್ಟಿದ್ದೇನೆ. ಅಂಗಡಿಯವನು ನಾನು ಎಲೆ ಅಡಿಕೆಗೆ ಬಿದ್ದಿದ್ದೇನೆಂದು ತಿಳಿದಿದ್ದಾನೆ. ಬ್ಯಾಟರಿಯ ಟರ್ಮಿನಲ್ ಮೇಲೆ ಮೈಲುತುತ್ತದ ಬಣ್ಣದ ಪುಡಿ ಹೂವಿನಂತೆ ಅರಳಿರುತ್ತದೆ. ಅದರ ಮೇಲೆ ಒಂದು ಚೆಂಬು ಬಿಸಿನೀರು ಹುಯ್ದರೆ ಕರಗಿ ಇಳಿದುಹೋಗುತ್ತದೆ. ಒರೆಸಿ, ವ್ಯಾಸಲೀನ್ ಸವರಿ, ಕಳಚಿಟ್ಟ ವೈರು ಸಿಕ್ಕಿಸಿ ಸ್ಪ್ಯಾನರಿನಿಂದ ಬಿಗಿ ಮಾಡಬೇಕು. ಚೋಕ್ ಎಳೆದು ಕೀ ತಿರುಗಿಸಿದರೆ ಎಂಜಿನ್ನು ಮುದುಕರು ಮಂಚದಿಂದ ಏಳುವಂತೆ ಮೂರು ಕಂತಿನಲ್ಲಿ ಮುಲುಗುತ್ತದೆ. ಹತ್ತಲಿಲ್ಲವೋ, ಕಾರ್ಬುರೇಟರಿನ ಬದಿಗೆ ಸ್ಪ್ಯಾನರಿನ ಹಿಡಿಯಿಂದ ಟಕ್ ಟಕ್ ಎಂದು ಎರಡೇಟು. ಅಂಟಿಕೊಂಡ ಪಿನ್ನು ಬಿಟ್ಟು ಪೆಟ್ರೋಲು ಇಳಿಯಬೇಕು. ಎಲ್ಲಿಗೆ, ಎಷ್ಟು ಮೆತ್ತಗೆ ಹೊಡೆಯಬೇಕೆಂದು ಅಪ್ಪ ನನ್ನ ಕೈ ಹಿಡಿದು ತೋರಿಸಿದ್ದರು. ಅವರಿಂದ ನಾನು ಕಲಿತದ್ದರಲ್ಲಿ ಈಗಲೂ ವಾರಕ್ಕೊಮ್ಮೆ ಬಳಕೆಗೆ ಬರುವುದು ಇದೊಂದೇ.

ಹತ್ತಿದ ಮೇಲೆ ಗಾಡಿ ಎಲ್ಲಿಗೂ ಹೋಗುವುದಿಲ್ಲ. ಹತ್ತು ನಿಮಿಷ ಹಾಗೇ ಗುಡುಗುಡು ಅನ್ನುತ್ತದೆ. ಎದುರು ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚುತ್ತವೆ. ನಾನು ಆರಿಸಿ ಕವರು ಹೊದಿಸುತ್ತೇನೆ.

ಹೋದ ವರ್ಷ ಅದು ಒಟ್ಟು ಓಡಿದ್ದು ಇಪ್ಪತ್ತಮೂರು ಕಿಲೋಮೀಟರು. ಎರಡು ಸಲ ಪೆಟ್ರೋಲ್ ಬಂಕಿಗೆ ಎಮಿಷನ್ ಟೆಸ್ಟ್ ಮಾಡಿಸಲು, ಒಂದು ಸಲ ಕೆಂಗೇರಿಗೆ, ಮೆಕ್ಯಾನಿಕ್ ಹತ್ತಿರ. ಅವರು ಮೊದಲು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದರು, ಬಾಡಿಗೆ ತಡೆಯಲಾರದೆ ಕೆಂಗೇರಿ ಆಚೆ ಹೋದರು. ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ ಎಮಿಷನ್ ಆಗಬೇಕು. ಇನ್ಶೂರೆನ್ಸು ವರ್ಷ ವರ್ಷ. ಹದಿನೈದು ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಎಫ್‌ಸಿ. 2021ರಲ್ಲಿ ನಾನು ಫಿಯಟ್ಟಿಗೆ ಕಟ್ಟಿದ ಫೀಸು 600 ರೂಪಾಯಿ. 2022ರ ಏಪ್ರಿಲಿನಿಂದ ಅದು 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ಮೀರಿದ ಕಾರಿಗೆ 10,000 ಎಂದರು. ಅಂದರೆ ನನ್ನ ಫಿಯಟ್ಟು ರಸ್ತೆಗೆ ಇಳಿಯುವುದೆಲ್ಲ ರಸ್ತೆಗೆ ಇಳಿಯಬಹುದೆಂಬ ಕಾಗದ ತರುವುದಕ್ಕೆ. ಹೊಗೆ ಉಗುಳಿಕೊಂಡು ಹೋಗಿ, ಹೊಗೆ ಇಲ್ಲವೆಂದು ಬರೆಸಿಕೊಂಡು, ಹೊಗೆ ಉಗುಳಿಕೊಂಡು ಬರುತ್ತದೆ.

ಮುಂಬೈಯವರು ಈ ವಿಷಯದಲ್ಲಿ ಗಟ್ಟಿಗರು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಗಡಿ. ಕಪ್ಪು ಹಳದಿ ಪದ್ಮಿನಿಗಳಲ್ಲಿ ಕಟ್ಟಕಡೆಯದು ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, ಬೀದಿ ಬಿಟ್ಟದ್ದು 2023ರ ಅಕ್ಟೋಬರ್ 30ಕ್ಕೆ. ಜನ ಫೋಟೋ ತೆಗೆಸಿಕೊಂಡು ಬೀಳ್ಕೊಟ್ಟರು. ಆ ಸುದ್ದಿ ಟೀವಿಯಲ್ಲಿ ಬಂದಾಗ ನನ್ನಾಕೆ ವಾಲ್ಯೂಮ್ ಜಾಸ್ತಿ ಮಾಡಿದಳು. ಇನ್ನೊಂದು ಸಲ ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ನೋಡಲು ಇಳಿದಿದ್ದೆವು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಮ್ಯೂಸಿಯಂ ಅದು. ನುಣ್ಣಗೆ ಹೊಳೆಯುವ ಗಾಡಿಗಳ ನಡುವೆ ನಿಂತು, ‘ಇವರನ್ನೇ ಒಂದು ಮಾತು ಕೇಳಬಾರ್ದೇನ್ರೀ?’ ಅಂದಳು. ಅಲ್ಲಿ ಒಂದು ಟೈರಿಗೂ ಗಾಳಿ ಇಳಿದಿರಲಿಲ್ಲ. ನನಗೆ ಕೇಳುವ ಧೈರ್ಯ ಬರಲಿಲ್ಲ.

ಗುಜರಿಯವನೊಬ್ಬ ಬಂದದ್ದೂ ಉಂಟು. ಬಾನೆಟ್ಟಿನ ಮೇಲೆ ಬೆರಳು ಮಡಚಿ ಕುಟ್ಟಿ, ತಲೆದೂಗಿ, ‘ಒಳ್ಳೇ ತಗಡು ಸಾರ್, ಈಗಿನ ಗಾಡೀಲಿ ಇಲ್ಲ’ ಅಂದ. ನನಗೆ ಎದೆ ಉಬ್ಬಿತು. ಆಮೇಲೆ ಅವನು ಬೆಲೆಯನ್ನು ಕಿಲೋ ಲೆಕ್ಕದಲ್ಲಿ ಹೇಳಿದ. ನಾನು ಅವನಿಗೆ ಕಾಫಿ ಕೊಟ್ಟು ಕಳಿಸಿದೆ.

ಮೊನ್ನೆ ಶನಿವಾರ ಸಂಜೆ ಪಕ್ಕದವರು ಗೇಟಿನ ಬಳಿ ಬಂದು ನಿಂತರು. ಕೈಯಲ್ಲಿ ಸ್ವೀಟ್ ಬಾಕ್ಸ್ ಇತ್ತು. ನಾನು ಕೀ ತರಲು ಒಳಗೆ ಹೊರಟೆ.

‘ಅದಕ್ಕಲ್ಲ ಸಾರ್, ಕೂತ್ಕೊಳ್ಳಿ’ ಅಂದರು. ‘ಮಗ ಕಾರು ಬುಕ್ ಮಾಡಿದ್ದಾನೆ. ಡೆಲಿವರಿ ಇನ್ನೂ ಆರು ವಾರ.’

‘ಸಂತೋಷ’ ಅಂದೆ. ಐದಡಿಯ ದಿನಗಳು ಮುಗಿದವು ಅಂದುಕೊಂಡೆ.

‘ಒಂದು ಉಪಕಾರ ಆಗಬೇಕಿತ್ತು. ನಮ್ಮ ಗೇಟ್ ಪಕ್ಕ ಖಾಲಿ ಇದ್ರೆ ಹಿಂದಿನ ಬೀದಿ ಪೀಜಿ ಹುಡುಗರು ಬೈಕು ನಿಲ್ಲಿಸಿಬಿಡ್ತಾರೆ. ಒಂದು ಸಲ ರೂಢಿಯಾದ್ರೆ ಬಿಡಿಸೋಕಾಗಲ್ಲ. ಅದಕ್ಕೇ...’ ಈ ಸಲವೂ ಅವರು ಸ್ವಲ್ಪ ತಡೆದರು, ಆದರೆ ವಾಕ್ಯ ಪೂರ್ತಿ ಮಾಡಿದರು. ‘ನಿಮ್ಮ ಫಿಯಟ್ಟು ಪೂರ್ತಿ ನಮ್ಮ ಕಡೆಗೇ ನಿಲ್ಲಿಸಿಬಿಡಿ ಸಾರ್. ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕ್ತೀವಲ್ಲ, ಹಾಗೆ.’

ನನ್ನಾಕೆ ಒಳಗಿಂದ ಕೇಳಿಸಿಕೊಂಡು ನಗುವುದು ಕೇಳಿತು. ಎಂಟಡಿ ಮುಂದಕ್ಕೆ ತರಬೇಕು. ತಳ್ಳಿದರೆ ಆಗುತ್ತದೆ ಅಂದರು ಪಕ್ಕದವರು. ಬೇಡ, ಸ್ಟಾರ್ಟ್ ಮಾಡಿಯೇ ತರುತ್ತೇನೆ ಎಂದು ಹೇಳಿ, ನಾನು ಬಿಸಿನೀರಿಡಲು ಅಡುಗೆಮನೆಗೆ ಹೋದೆ.